ಸಿಸಿಲಿಯ ಜಿಂಗರೊ: ರಸ್ತೆಯಿಲ್ಲದ 7 ಕಿಲೋಮೀಟರ್ ಕಡಲತೀರಕ್ಕೆ ಅಮ್ಮನನ್ನು ಕರೆದೊಯ್ಯಬಹುದೇ?

ನೆಕ್ಕರ್ ದಂಡೆಯವಳು

ಎಲ್ಲರಿಗೂ ನಮಸ್ಕಾರ. ನಾವು ಆರು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಅಮ್ಮ ತಿಪಟೂರಿನಿಂದ ಬರುತ್ತಿದ್ದಾರೆ. ಅವರಿಗೆ 67 ವರ್ಷ, ಮಂಡಿನೋವಿದೆ. ಆದರೂ ಸಮುದ್ರವೆಂದರೆ ಮಗುವಿನಂತೆ ಆಸೆಪಡುತ್ತಾರೆ. ಕಳೆದ ವರ್ಷ ನಾವು ಇಟಲಿಯ ಆಡ್ರಿಯಾಟಿಕ್ ತೀರಕ್ಕೆ ಹೋಗಿ ನಿರಾಶೆಯಿಂದ ಮರಳಿದೆವು. ಅಲ್ಲಿ ಮರಳಿನ ಮೇಲೆ ಗದ್ದೆಯಲ್ಲಿ ನಾಟಿ ಹಾಕಿದಂತೆ ಸಾಲುಸಾಲಾಗಿ ಕೊಡೆಗಳನ್ನು ನೆಟ್ಟು, ಒಂದೊಂದು ಕೊಡೆಯ ಕೆಳಗೂ ಎರಡೆರಡು ಒರಗು ಕುರ್ಚಿಗಳನ್ನಿಟ್ಟು, ದಿನದ ಬಾಡಿಗೆ ವಸೂಲು ಮಾಡುತ್ತಿದ್ದರು. ಸಮುದ್ರ ಕಾಣಬೇಕಾದರೆ ಹನ್ನೆರಡು ಸಾಲು ಕೊಡೆಗಳನ್ನು ದಾಟಬೇಕಿತ್ತು.

ಈ ಸಲ ಸದ್ದುಗದ್ದಲವಿಲ್ಲದ ತೀರ ಬೇಕೆಂದು ಹುಡುಕುವಾಗ ಸಿಸಿಲಿಯ ಜಿಂಗರೊ ಎಂಬ ಸಂರಕ್ಷಿತ ತೀರದ ಹೆಸರು ಕಣ್ಣಿಗೆ ಬಿತ್ತು. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಎಷ್ಟು ನಡೆಯಬೇಕಾಗುತ್ತದೆ, ಒಂಬತ್ತು ವರ್ಷದ ಮಗನಿಗೆ ಈಜಲು ಅನುಕೂಲವಿದೆಯೇ, ಅಮ್ಮನಿಗೆ ಸಾಧ್ಯವಾದೀತೇ ಎಂಬುದನ್ನು ದಯವಿಟ್ಟು ತಿಳಿಸಿ.

ಕುಮಟೆಯ ಕಡಲು

ನಾನು ಜಿಂಗರೊಗೆ ಎರಡು ಸಲ ಹೋಗಿದ್ದೇನೆ. ಮೊದಲನೆಯ ಸಲ ಆಗಸ್ಟ್‌ನಲ್ಲಿ, ತಿಳಿಯದೆ. ಎರಡನೆಯ ಸಲ ಅಕ್ಟೋಬರ್ ಮೊದಲ ವಾರದಲ್ಲಿ, ಬುದ್ಧಿ ಕಲಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸಿಸಿಲಿ ದ್ವೀಪದ ವಾಯವ್ಯ ಮೂಲೆಯಲ್ಲಿ, ಕಾಸ್ತೆಲ್ಲಮ್ಮಾರೆ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಈ ತೀರವಿದೆ. ದಕ್ಷಿಣದ ತುದಿಯಲ್ಲಿ ಸ್ಕೊಪೆಲ್ಲೊ ಎಂಬ ಪುಟ್ಟ ಹಳ್ಳಿ, ಉತ್ತರದಲ್ಲಿ ಸಾನ್ ವೀತೊ ಲೊ ಕಾಪೊ ಎಂಬ ಪಟ್ಟಣ. ನಡುವೆ ಸುಮಾರು 7 ಕಿಲೋಮೀಟರ್ ಉದ್ದಕ್ಕೆ ಬೆಟ್ಟವು ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಬೆನ್ನಿಗಿರುವ ಮೋಂತೆ ಸ್ಪೆತ್ಸಿಯಾಲೆ ಶಿಖರದ ಎತ್ತರ 913 ಮೀಟರ್. ಇಷ್ಟು ಉದ್ದದ ತೀರದಲ್ಲಿ ಮೋಟಾರು ರಸ್ತೆಯಿಲ್ಲ, ಹೋಟೆಲಿಲ್ಲ, ಕೊಡೆ ಬಾಡಿಗೆಗೆ ಕೊಡುವವರಿಲ್ಲ. ಬೆಟ್ಟದ ಪಕ್ಕೆಯಲ್ಲಿ ಒಂದು ಕಾಲುದಾರಿ, ಅದರಿಂದ ಕೆಳಗಿಳಿಯುವ ಕವಲುಗಳು, ಪ್ರತಿ ಕವಲಿನ ಕೊನೆಗೊಂದು ಪುಟ್ಟ ಕೊಲ್ಲಿ. ಇಂಥ ಕೊಲ್ಲಿಗೆ ಅವರು ‘ಕಾಲಾ’ ಎನ್ನುತ್ತಾರೆ. ಸ್ಕೊಪೆಲ್ಲೊ ಕಡೆಯಿಂದ ಎಣಿಸಿದರೆ ಕಾಪ್ರೆರಿಯಾ, ದೀಸಾ, ಬೆರೆಟ್ಟಾ, ಮಾರಿನೆಲ್ಲಾ, ಉತ್ಸೊ, ಕೊನೆಗೆ ತೊನ್ನಾರೆಲ್ಲಾ ದೆಲ್ ಉತ್ಸೊ ಸಿಗುತ್ತವೆ.

ಈ ತೀರ ಹೀಗೆಯೇ ಉಳಿದದ್ದು ತಾನಾಗಿಯೇ ಆದದ್ದಲ್ಲ. ಸ್ಕೊಪೆಲ್ಲೊ ಕಡೆಯ ಬಾಗಿಲಲ್ಲಿ ಟಿಕೆಟ್ ಪಡೆದು ಒಳಗೆ ಕಾಲಿಟ್ಟರೆ ಒಂದು ಸುರಂಗ ಎದುರಾಗುತ್ತದೆ. ಇಂಥ ಕಾಡುದಾರಿಗೆ ಇಷ್ಟು ಅಗಲದ ಸುರಂಗವೇಕೆ ಎಂದು ನಾನು ಮೊದಲ ಸಲ ಬೆರಗಾಗಿದ್ದೆ. 1976ರಲ್ಲಿ ಸ್ಕೊಪೆಲ್ಲೊದಿಂದ ಸಾನ್ ವೀತೊವರೆಗೆ ಕಡಲಂಚಿನಲ್ಲೇ ಮೋಟಾರು ರಸ್ತೆ ನಿರ್ಮಿಸಲು ಕೆಲಸ ಆರಂಭವಾಗಿತ್ತು. ಆ ಸುರಂಗ ಅದರ ಗುರುತು. ರಸ್ತೆ ಬಂದರೆ ಅದರ ಹಿಂದೆಯೇ ಬಂಗಲೆಗಳು ಬರುತ್ತವೆ ಎಂಬುದನ್ನು ಸಿಸಿಲಿಯ ಜನ ತಮ್ಮ ಉಳಿದ ತೀರಗಳಲ್ಲಿ ಆಗಲೇ ಕಂಡಿದ್ದರು. ನಿಸರ್ಗಪ್ರಿಯ ಸಂಘಟನೆಗಳ ಕರೆಯಂತೆ 1980ರ ಮೇ 18ರಂದು ಸಾವಿರಾರು ಜನ ಆ ರಸ್ತೆಯ ವಿರುದ್ಧ ಇದೇ ಜಾಗದಲ್ಲಿ ಕಾಲ್ನಡಿಗೆ ಜಾಥಾ ನಡೆಸಿದರು. ಕೆಲಸ ನಿಂತಿತು, ಮರುವರ್ಷ, ಅಂದರೆ 1981ರಲ್ಲಿ, ಜಿಂಗರೊ ಸಿಸಿಲಿಯ ಮೊತ್ತಮೊದಲ ನಿಸರ್ಗ ಸಂರಕ್ಷಿತ ಪ್ರದೇಶವಾಯಿತು. ಹೊಗೆ ಹಿಡಿಯದ ಆ ಸುರಂಗದ ಗೋಡೆಗಳ ನಡುವೆ ಬೆನ್ನಿಗೆ ಬುತ್ತಿಚೀಲ ಹಾಕಿಕೊಂಡ ಮಕ್ಕಳು ಕೂಗು ಹಾಕಿ ಮಾರ್ದನಿ ಕೇಳುತ್ತ ಹೋಗುವುದನ್ನು ಈಗ ನೋಡಬಹುದು.

ಇನ್ನು ತಾಯಿಯವರ ವಿಷಯ. ಸ್ಕೊಪೆಲ್ಲೊ ಕಡೆಯಿಂದ ಮೊದಲ ಕೊಲ್ಲಿಯಾದ ಕಾಪ್ರೆರಿಯಾಕ್ಕೆ ನಮ್ಮಂಥವರಿಗೆ ಇಪ್ಪತ್ತು-ಇಪ್ಪತ್ತೈದು ನಿಮಿಷದ ನಡಿಗೆ. ಆದರೆ ಕೊನೆಯ ಇಳಿಜಾರು ಮಂಡಿಗೆ ಒಳ್ಳೆಯದಲ್ಲ. ಉತ್ತರದ ಸಾನ್ ವೀತೊ ಬಾಗಿಲಿನಿಂದ ಹೋದರೆ ತೊನ್ನಾರೆಲ್ಲಾ ದೆಲ್ ಉತ್ಸೊ ಹತ್ತಿರ, ದಾರಿಯೂ ಅಷ್ಟು ಕಡಿದಲ್ಲ. ನನ್ನ ಸಲಹೆ ಅದೇ. ಒಂದು ಎಚ್ಚರಿಕೆ: ನಡುವೆ ರಸ್ತೆಯಿಲ್ಲದ್ದರಿಂದ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಲು ಬೆಟ್ಟವನ್ನು ಸುತ್ತಿಕೊಂಡು ಸುಮಾರು ಒಂದು ಗಂಟೆ ಹಿಡಿಯುತ್ತದೆ. ವಾಸ್ತವ್ಯ ಗೊತ್ತುಮಾಡುವ ಮೊದಲೇ ಯಾವ ಬಾಗಿಲೆಂದು ತೀರ್ಮಾನಿಸಿಕೊಳ್ಳಿ.

ಗೂಡುದೀಪ

ಮೇಲಿನವರು ಹೇಳಿದ್ದೆಲ್ಲ ಸರಿ. ನನ್ನ ಅನುಭವದಿಂದ ಎರಡೇ ಮಾತು ಸೇರಿಸುತ್ತೇನೆ. ಅಲ್ಲಿ ಮರಳು ತೀರಾ ಕಡಿಮೆ. ಇರುವುದೆಲ್ಲ ಹೆಸರುಕಾಳಿನಿಂದ ಹಿಡಿದು ಕೋಳಿಮೊಟ್ಟೆಯ ಗಾತ್ರದವರೆಗಿನ ಬಿಳಿಯ ನುಣುಪುಕಲ್ಲುಗಳು. ನಾನು ಹವಾಯಿ ಚಪ್ಪಲಿಯಲ್ಲಿ ಹೋಗಿ, ಬೆರೆಟ್ಟಾ ಇಳಿಯುವಾಗ ಉಂಗುಷ್ಠ ಕಿತ್ತು, ಬರಿಗಾಲಿನಲ್ಲಿ ಕಾದ ಬಂಡೆಯ ಮೇಲೆ ಕುಣಿಯುತ್ತ ಹಿಂತಿರುಗಬೇಕಾಯಿತು. ನೀರಿನಲ್ಲೂ ಹಾಕಿಕೊಳ್ಳಬಹುದಾದ ರಬ್ಬರ್ ಶೂ ಇರಲಿ. ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು, ತಲೆಗೆ ಟೋಪಿ ಇಲ್ಲದೆ ಹೊರಡಬೇಡಿ. ದಾರಿಯಲ್ಲಿ ನೆರಳು ಬಹಳ ವಿರಳ.

ಕಲ್ಲಿನ ದಂಡೆಯೆಂದು ಬೇಸರಪಡಬೇಕಿಲ್ಲ. ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಆಗ ಮೊರದಲ್ಲಿ ಅಕ್ಕಿ ಕೇರುವಂಥ ಸದ್ದು ಕೇಳಿಸುತ್ತದೆ. ನಾನು ಅದನ್ನು ಕೇಳುತ್ತಲೇ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಹಳೇ ಮೇಷ್ಟ್ರು

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಆದರೆ ಒಂದು ಸಂದೇಹವನ್ನು ಹೇಳದೆ ಇರಲಾರೆ. ರಸ್ತೆಯಿಲ್ಲದಿರುವುದನ್ನು ನೀವೆಲ್ಲರೂ ದೊಡ್ಡ ಗೆಲುವೆಂಬಂತೆ ಬರೆಯುತ್ತಿದ್ದೀರಿ. ನನಗೆ 71 ವರ್ಷ, ಎಡಗಾಲಿನ ಶಸ್ತ್ರಚಿಕಿತ್ಸೆಯಾಗಿದೆ. ನಡೆಯಬಲ್ಲವರಿಗೆ ಮಾತ್ರ ಸಿಗುವ ಸಮುದ್ರ ಎಲ್ಲರ ಸಮುದ್ರ ಹೇಗಾಗುತ್ತದೆ? ಆಡ್ರಿಯಾಟಿಕ್‌ನಲ್ಲಿ ಕೊಡೆಯ ಬಾಡಿಗೆ ಕೊಡಲಾಗದ ಬಡವರನ್ನು ಹೊರಗಿಟ್ಟರೆ, ಇಲ್ಲಿ ಮುದುಕರನ್ನು, ಕಾಲಿಲ್ಲದವರನ್ನು, ಕೂಸನ್ನು ಕಂಕುಳಲ್ಲಿ ಹೊತ್ತ ತಾಯಂದಿರನ್ನು ಹೊರಗಿಟ್ಟ ಹಾಗಾಗಲಿಲ್ಲವೇ? ಜಾಥಾ ನಡೆಸಿದವರು ಹೇಗೂ ನಡೆಯಬಲ್ಲವರೇ ಇದ್ದಿರಬೇಕು. ವ್ಯಂಗ್ಯವಾಗಿ ಹೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಕುಮಟೆಯ ಕಡಲು

ಮೇಷ್ಟ್ರೇ, ತಮ್ಮ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇಟಲಿಯ ಕಾನೂನಿನ ಪ್ರಕಾರ ಕಡಲತೀರ ಸರ್ಕಾರದ, ಅಂದರೆ ಸಾರ್ವಜನಿಕರ ಸ್ವತ್ತು. ಅದರ ಭಾಗಗಳನ್ನು ಗುತ್ತಿಗೆಗೆ ಪಡೆದವರು ಕೊಡೆ-ಕುರ್ಚಿಗಳ ‘ಲೀದೊ’ ನಡೆಸುತ್ತಾರೆ. ಸಾನ್ ವೀತೊ ಪಟ್ಟಣದ ಮುಂದೆಯೇ ವಿಶಾಲವಾದ ಬಿಳಿಮರಳಿನ ದಂಡೆಯಿದ್ದು, ಅಲ್ಲಿ ರಸ್ತೆ, ಲೀದೊ, ಐಸ್‌ಕ್ರೀಮು ಎಲ್ಲವೂ ಇವೆ. ದುಡ್ಡು ಕೊಡದೆ ಚಾಪೆ ಹಾಸಿ ಕೂರಬಹುದಾದ ‘ಸ್ಪಿಯಾಜ್ಜಾ ಲೀಬೆರಾ’ ಕೂಡ ಉಂಟು. ನಡೆಯಲಾಗದವರಿಗೆ ಆ ಭಾಗದಲ್ಲಿ ಸಮುದ್ರವೇ ಇಲ್ಲವೆಂದಲ್ಲ. ಇಲ್ಲದಿರುವುದು ಆ 7 ಕಿಲೋಮೀಟರ್ ಮಾತ್ರ.

ಎರಡನೆಯದು ನಾನು ಬೆಳೆದ ಕಡೆಯದೇ ಉದಾಹರಣೆ. ನಾನು ಹುಡುಗನಾಗಿದ್ದಾಗ ಗೋಕರ್ಣದ ಕುಡ್ಲೆಯಿಂದ ಓಂ ದಂಡೆಗೆ ಗುಡ್ಡ ಹತ್ತಿ ಇಳಿದು ಹೋಗುತ್ತಿದ್ದೆವು. ಇಂದು ಓಂ ದಂಡೆಯ ನೆತ್ತಿಯವರೆಗೆ ಕಾರುಗಳು ಬರುತ್ತವೆ. ಶನಿವಾರ-ಭಾನುವಾರಗಳಲ್ಲಿ ಅವುಗಳ ಸಾಲನ್ನು ನೋಡಬೇಕು. ಅಲ್ಲಿಂದ ಮುಂದಿನ ಹಾಫ್ ಮೂನ್ ಮತ್ತು ಪ್ಯಾರಡೈಸ್ ದಂಡೆಗಳಿಗೆ ನಡೆದೋ ದೋಣಿಯಲ್ಲೋ ಹೋಗಬೇಕು. ಒಂದೇ ಗುಡ್ಡಸಾಲು, ಒಂದೇ ಅರಬ್ಬೀ ಸಮುದ್ರ; ಆದರೂ ರಸ್ತೆ ಮುಟ್ಟಿದ ದಂಡೆ ಬೇರೆ, ಮುಟ್ಟದ ದಂಡೆ ಬೇರೆ. ಈ ಅಂತರವನ್ನು ಕಣ್ಣಾರೆ ಕಂಡವನಾದ್ದರಿಂದಲೇ ಜಿಂಗರೊದ ಆ ಸುರಂಗ ನನ್ನನ್ನು ಅಷ್ಟು ತಟ್ಟಿತು.

ಬರಿಯ ನಡಿಗೆಯೂ ಸಾಲದೆ ಹೋಗಿರುವ ಜಾಗಗಳುಂಟು. ಇಟಲಿಯ ಇನ್ನೊಂದು ದ್ವೀಪವಾದ ಸಾರ್ಡೀನಿಯಾದ ಗೊಲೊರಿತ್ಸೆ ಕೊಲ್ಲಿಗೆ ಬೆಟ್ಟವಿಳಿದು ಹೋಗುವವರನ್ನು ದಿನಕ್ಕೆ 250 ಜನರಿಗೆ ಮಿತಿಗೊಳಿಸಿದ್ದಾರೆ. ಫ್ರಾನ್ಸಿನ ಮಾರ್ಸೇ ನಗರದ ಪಕ್ಕದ ಸುಜಿತೋಂ ಕೊಲ್ಲಿಗೆ 2022ರಿಂದ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಮುಂಗಡ ಕಾದಿರಿಸಿದ 400 ಜನರಿಗಷ್ಟೇ ಪ್ರವೇಶ. ಕಾಲ್ತುಳಿತಕ್ಕೆ ಅಲ್ಲಿನ ಮಣ್ಣು ಸವೆದು ಮರಗಳ ಬೇರು ಹೊರಬಂದಿದ್ದವು. ಸಾರ್ಡೀನಿಯಾದ ಬಳಿಯ ಬುದೆಲ್ಲಿ ದ್ವೀಪದ ಗುಲಾಬಿ ಮರಳಿನ ದಂಡೆಯ ಮೇಲೆ 1990ರ ದಶಕದಿಂದ ಯಾರೂ ಕಾಲಿಡುವಂತಿಲ್ಲ. ಕಾರಣ, ಬಂದವರೆಲ್ಲ ಒಂದೊಂದು ಸೀಸೆ ಮರಳು ತುಂಬಿಸಿಕೊಂಡು ಹೋಗುತ್ತಿದ್ದರು. ಅದರೊಡನೆ ಹೋಲಿಸಿದರೆ ಜಿಂಗರೊ ಇನ್ನೂ ಉದಾರಿ.

ಆದರೂ ತಮಗೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಸಾನ್ ವೀತೊ ಮತ್ತು ಕಾಸ್ತೆಲ್ಲಮ್ಮಾರೆಯಿಂದ ಈ ತೀರದುದ್ದಕ್ಕೂ ದೋಣಿ ವಿಹಾರವಿದೆ. ಕೊಲ್ಲಿಗಳ ಎದುರು ಲಂಗರು ಹಾಕಿ ನಿಲ್ಲಿಸುತ್ತಾರೆ ಎಂಬುದಷ್ಟನ್ನೇ ಹೇಳಬಲ್ಲೆ.

ಹಳೇ ಮೇಷ್ಟ್ರು

ದೋಣಿಯಲ್ಲಿ ಕುಳಿತು ದಂಡೆಯನ್ನು ನೋಡುವುದೆಂದರೆ ಪಂಕ್ತಿಯಲ್ಲಿ ಜಾಗವಿಲ್ಲದೆ ಬಾಗಿಲಲ್ಲಿ ನಿಂತು ಮದುವೆಯೂಟದ ಘಮ ಸವಿದಂತೆ. ಇರಲಿ. ಗೋಕರ್ಣದ ಮಾತನ್ನು ಒಪ್ಪುತ್ತೇನೆ. ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಉಪ್ಪುನೀರು

ಕಡಲ ಜೀವಶಾಸ್ತ್ರ ಓದುತ್ತಿರುವುದರಿಂದ ನೀರಿನ ಬಗ್ಗೆ ನಾಲ್ಕು ಮಾತು. ನಮ್ಮ ಕರಾವಳಿಯನ್ನು ಕಂಡವರಿಗೆ ಅಲ್ಲಿನ ನೀರು ನಂಬಲಾಗದಷ್ಟು ತಿಳಿಯಾಗಿ ಕಾಣುತ್ತದೆ. ಎಂಟು-ಹತ್ತು ಮೀಟರ್ ಆಳದ ಕಲ್ಲೂ ಎಣಿಸುವಂತಿರುತ್ತದೆ. ಇದು ಶುಚಿತ್ವದ ಗುರುತು ಮಾತ್ರವಲ್ಲ, ಒಂದು ಬಗೆಯ ಬಡತನದ ಗುರುತೂ ಹೌದು. ಮೆಡಿಟರೇನಿಯನ್ ನೀರಿನಲ್ಲಿ ಪೋಷಕಾಂಶ ಕಡಿಮೆ, ಆದ್ದರಿಂದ ಸೂಕ್ಷ್ಮಸಸ್ಯಗಳು ಕಡಿಮೆ, ಆದ್ದರಿಂದ ನೀರು ನೀಲಿ. ನಮ್ಮಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೆಲ್ಲ ಹೊತ್ತು ತಂದು ಸುರಿಯುತ್ತವೆ. ನಮ್ಮ ಸಮುದ್ರ ಕೆಂಪಾಗುತ್ತದೆ, ಬಂಗುಡೆ-ಬೈಗೆಯೂ ಹೇರಳವಾಗಿ ಸಿಗುತ್ತವೆ. ಜಿಂಗರೊದ ಬೆಟ್ಟವೋ ಸುಣ್ಣಕಲ್ಲಿನದು, ಅಲ್ಲಿ ಹೇಳಿಕೊಳ್ಳುವಂಥ ಹೊಳೆಯೇ ಇಲ್ಲ.

ಉಪ್ಪಿನಂಶ ಲೀಟರಿಗೆ 38 ಗ್ರಾಂನಷ್ಟಿದ್ದು, ನಮ್ಮ ಕಡಲಿಗಿಂತ ಸ್ವಲ್ಪ ಹೆಚ್ಚು; ತೇಲುವುದು ಅಷ್ಟರಮಟ್ಟಿಗೆ ಸುಲಭ. ಉಬ್ಬರವಿಳಿತ ಇಲ್ಲವೆನ್ನುವಷ್ಟು ಅಲ್ಪ. ಕಾರವಾರದಲ್ಲಿ ಒಂದೂವರೆ-ಎರಡು ಮೀಟರ್ ಏರಿಳಿಯುವ ನೀರನ್ನು ಕಂಡವರಿಗೆ ಅಲ್ಲಿನ ಗೇಣುದ್ದದ ಏರಿಳಿತ ಗಮನಕ್ಕೇ ಬಾರದು. ಹಾಗಾಗಿ ಬೆಳಿಗ್ಗೆ ಟವೆಲು ಹಾಸಿದ ಕಲ್ಲಿನ ಮೇಲೆಯೇ ಸಂಜೆಯವರೆಗೆ ಕೂರಬಹುದು.

ಮೆಡಿಟರೇನಿಯನ್ ದಂಡೆಗಳಲ್ಲಿ ಒಣಗಿದ ಕಂದು ಎಲೆಗಳ ರಾಶಿ ಕಂಡರೆ ಕಸವೆಂದು ಮೂಗು ಮುರಿಯಬೇಡಿ. ಅದು ಪೊಸಿಡೋನಿಯಾ. ಪಾಚಿಯಲ್ಲ, ಹೂ ಬಿಡುವ ನಿಜವಾದ ಸಸ್ಯ. ಜಗತ್ತಿನಲ್ಲಿ ಈ ಸಮುದ್ರವೊಂದರಲ್ಲಿಯೇ ಬೆಳೆಯುವ ಜಾತಿ. ನೀರಿನಡಿ ಅದರ ಹುಲ್ಲುಗಾವಲು ಮೀನಿನ ಮರಿಗಳಿಗೆ ಆಸರೆ. ದಂಡೆಗೆ ಬಂದು ಬಿದ್ದ ಅದರ ಎಲೆರಾಶಿ ಚಳಿಗಾಲದ ಅಲೆಗಳು ಮರಳನ್ನು ಕೊಚ್ಚದಂತೆ ತಡೆಯುತ್ತದೆ. ಲೀದೊಗಳವರು ಗಿರಾಕಿಗಳಿಗೆ ಅಸಹ್ಯವಾಗುತ್ತದೆಂದು ಅದನ್ನು ಯಂತ್ರದಿಂದ ಬಳಿದು ಹಾಕಿ, ಮರುವರ್ಷ ದಂಡೆ ಸವೆಯಿತೆಂದು ಗೋಳಾಡುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ.

ಮಗು ಈಜುವುದಾದರೆ ಲೋಳೆಮೀನಿನ ಬಗ್ಗೆ ಎಚ್ಚರವಿರಲಿ. ನೇರಳೆ ಬಣ್ಣದ ಪುಟ್ಟ ಲೋಳೆಮೀನು ಗಾಳಿಯ ದಿಕ್ಕು ಬದಲಾದಾಗ ದಂಡೆಗೆ ತೇಲಿಬರುತ್ತದೆ. ಮುಟ್ಟಿದರೆ ಬರೆ ಎಳೆದಂತೆ ಉರಿ. ಆಗ ಸಮುದ್ರದ ನೀರಿನಿಂದಲೇ ತೊಳೆಯಬೇಕು. ಸಿಹಿನೀರು ಹಾಕಿದರೆ ಉರಿ ಹೆಚ್ಚುತ್ತದೆ, ಉಜ್ಜಲಂತೂ ಕೂಡದು.

ಈಚಲಗರಿ

ನಾನು ಕಂಡದ್ದು ಬೇರೆಯೇ ಜಿಂಗರೊ, ಅದನ್ನೂ ದಾಖಲಿಸುತ್ತೇನೆ. 2020ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಭಾರಿ ಬೆಂಕಿ ಬಿತ್ತು. 2012ರಲ್ಲಿಯೂ ಹೀಗೆಯೇ ಆಗಿತ್ತು. ಬೇಸಿಗೆಯಲ್ಲಿ ಮಳೆಯೇ ಬಾರದ ನಾಡು, ಜೊತೆಗೆ ಆಫ್ರಿಕಾ ಕಡೆಯಿಂದ ಬೀಸುವ ಶಿರೊಕ್ಕೊ ಎಂಬ ಬಿಸಿಗಾಳಿ. ಒಂದು ಕಿಡಿ ಸಾಕು. ನಾನು ಹೋದದ್ದು 2021ರ ಮೇ ತಿಂಗಳಿನಲ್ಲಿ. ಕೆಳಗೆ ಅದೇ ನೀಲಿ ನೀರು, ಮೇಲೆ ಬೆಟ್ಟದ ಮೈಯೆಲ್ಲ ಇದ್ದಿಲು.

ಆ ಇದ್ದಿಲಿನ ನಡುವೆ ನೆಲಕ್ಕಂಟಿದ ಕಪ್ಪು ಬೊಡ್ಡೆಗಳ ನೆತ್ತಿಯಿಂದ ಬೀಸಣಿಗೆಯಂಥ ಹಸಿರು ಗರಿಗಳು ಎದ್ದಿದ್ದವು. ಅದು ಅಲ್ಲಿನ ಕುಳ್ಳು ತಾಳೆ, ಯುರೋಪಿನ ನೆಲದಲ್ಲಿ ತಾನಾಗಿ ಬೆಳೆಯುವ ಬೆರಳೆಣಿಕೆಯ ತಾಳೆಗಳಲ್ಲೊಂದು. ಗರಿ ಸುಟ್ಟರೂ ಬೊಡ್ಡೆ ಸಾಯುವುದಿಲ್ಲ. ಒಳಗಿನ ಪುಟ್ಟ ವಸ್ತುಸಂಗ್ರಹಾಲಯವೊಂದರಲ್ಲಿ ಈ ಗರಿಯಿಂದ ಹೆಣೆದ ಪೊರಕೆ, ಹಗ್ಗ, ಬುಟ್ಟಿಗಳನ್ನು ಇಟ್ಟಿದ್ದಾರೆ. ಆ ಪೊರಕೆಯ ಹಿಡಿಯ ಕಟ್ಟನ್ನು ಬಗ್ಗಿ ನೋಡಿದೆ. ನಮ್ಮ ಅಜ್ಜಿ ಈಚಲು ಪೊರಕೆಗೆ ಹಾಕುತ್ತಿದ್ದ ಕಟ್ಟಿನಂತೆಯೇ ಒಂದರ ಮೇಲೊಂದು ಮೂರು ಸುತ್ತು.

ಬರಿದೇ ನೀರಿಗಿಳಿದು ಬರುವವರು ಉತ್ಸೊ ಗುಹೆಯನ್ನೂ ತಪ್ಪಿಸಿಕೊಳ್ಳುತ್ತಾರೆ. ಸುಮಾರು 10,000 ವರ್ಷಗಳ ಹಿಂದೆ ಬೇಟೆಯಾಡಿ ಬದುಕುತ್ತಿದ್ದವರ ಸಮಾಧಿಗಳು ಅಲ್ಲಿ ಸಿಕ್ಕಿವೆ. ಅದರ ಬಾಯಿ ದೇವಸ್ಥಾನದ ಮಂಟಪದಷ್ಟು ಎತ್ತರವಾಗಿದೆ.

ನೆಕ್ಕರ್ ದಂಡೆಯವಳು

ಎಲ್ಲರಿಗೂ ಕೃತಜ್ಞತೆಗಳು. ಸಾನ್ ವೀತೊ ಕಡೆಯ ಬಾಗಿಲನ್ನೇ ಆರಿಸಿಕೊಂಡಿದ್ದೇವೆ. ಒಂದು ಪ್ರಶ್ನೆ ಉಳಿದಿದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟಕ್ಕೇನು ದಾರಿ?

ಗೂಡುದೀಪ

ಒಳಗೆ ಏನೂ ಸಿಗದು. ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಆ ಭಾಗದ ‘ಪಾನೆ ಕುನ್ತ್ಸಾತೊ’ ಬುತ್ತಿಗೆಂದೇ ಹುಟ್ಟಿದ ತಿಂಡಿ: ಬಿಸಿ ರೊಟ್ಟಿಯನ್ನು ಸೀಳಿ ಆಲಿವ್ ಎಣ್ಣೆ, ಟೊಮೆಟೊ, ಚೀಸ್, ಓರೆಗಾನೊ ತುಂಬುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಉಪ್ಪು ಹಾಕಿದ ಸಣ್ಣ ಮೀನೂ ಇರುವುದರಿಂದ ‘ಸೆಂತ್ಸಾ ಅಚ್ಚೂಗೆ’, ಅಂದರೆ ಆ ಮೀನು ಬೇಡ, ಎಂದು ಎರಡು ಸಲ ಹೇಳಿ. ಸಂಜೆಗೆ ‘ಕಪೊನಾತಾ’ ಸಿಗುತ್ತದೆ. ಬದನೆಕಾಯಿಯ ಹುಳಿ-ಸಿಹಿ ಪಲ್ಯ, ನಮ್ಮ ಗೊಜ್ಜಿಗೆ ದೂರದ ನೆಂಟ. ಸಾನ್ ವೀತೊದ ಹೆಸರಾಂತ ಕುಸ್‌ಕುಸ್ ನೋಡಲು ಉಪ್ಪಿಟ್ಟಿನಂತಿದ್ದರೂ ಮೀನಿನ ಸಾರಿನಲ್ಲಿ ಮಾಡಿದ್ದು. ಅಮ್ಮನವರಿಗೆ ಮೊದಲೇ ತಿಳಿಸಿಬಿಡಿ.

ನೆಕ್ಕರ್ ದಂಡೆಯವಳು

ಹೋಗಿ ಬಂದೆವು. ಸಲಹೆ ಕೊಟ್ಟವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಅಕ್ಟೋಬರ್ 2ರ ಬೆಳಿಗ್ಗೆ ಎಂಟೂವರೆಗೆ ಬಾಗಿಲಲ್ಲಿದ್ದೆವು. ನಮಗಿಂತ ಮೊದಲು ಎರಡೇ ಕಾರುಗಳಿದ್ದವು. ಅಮ್ಮನಿಗೆ ಎರಡು ಊರುಗೋಲುಗಳನ್ನು ಕೊಂಡಿದ್ದೆವು. ಸೀರೆಯ ಮೇಲೆ ಮಗನ ಕ್ರಿಕೆಟ್ ಟೋಪಿ ಹಾಕಿಕೊಂಡು, ಪ್ರತಿ ತಿರುವಿನಲ್ಲೂ ನಿಂತು, ಬೇರೆಯವರು ಹದಿನೈದು-ಇಪ್ಪತ್ತು ನಿಮಿಷದಲ್ಲಿ ಮುಗಿಸುವ ದಾರಿಯನ್ನು ಅವರು ಐವತ್ತು ನಿಮಿಷದಲ್ಲಿ ಮುಗಿಸಿದರು. ತೊನ್ನಾರೆಲ್ಲಾ ದಂಡೆಯಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ವೃದ್ಧ ದಂಪತಿ ಮಾತ್ರ ಇದ್ದರು. ಮಗ ನೀರಿನಿಂದ ಮೇಲೆ ಬರಲೇ ಇಲ್ಲ. ಲೋಳೆಮೀನು ಕಾಣಲಿಲ್ಲ. ಅಮ್ಮ ಮಂಡಿಯವರೆಗಿನ ನೀರಿನಲ್ಲಿ ಕಲ್ಲಿನ ಮೇಲೆ ಕುಳಿತು, ತಮ್ಮ ಕಾಲ್ಬೆರಳಿನ ಸುತ್ತ ಓಡಾಡುತ್ತಿದ್ದ ಪುಟ್ಟ ಮೀನುಗಳನ್ನು ಒಂದು ಗಂಟೆ ನೋಡಿದರು. ಗೂಡುದೀಪ ಅವರು ಬರೆದಿದ್ದ ಅಕ್ಕಿ ಕೇರುವ ಸದ್ದನ್ನು ನಾನು ಮೊದಲೇ ಹೇಳಿರಲಿಲ್ಲ; ಅವರೇ ತಲೆಯೆತ್ತಿ, "ಯಾರೋ ಮೊರ ಹಿಡಿದ ಹಾಗಿದೆ," ಎಂದರು.

ಹೊರಡುವಾಗ ಅವರ ಸೆರಗಿನ ಗಂಟಿನಲ್ಲಿ ಏಳು ಬಿಳಿಯ ಕಲ್ಲುಗಳಿದ್ದವು, ದೇವರ ಮನೆಗೆಂದು. ಇಲ್ಲಿಂದ ಕಲ್ಲು ಒಯ್ಯುವಂತಿಲ್ಲವೆಂದು ತಿಳಿಸಿ, ಬುದೆಲ್ಲಿಯ ಸೀಸೆಗಳ ಕಥೆಯನ್ನೂ ಹೇಳಿದೆ. ಮುಖ ಸಣ್ಣದು ಮಾಡಿಕೊಂಡು ಒಂದೊಂದನ್ನೇ ತೆಗೆದ ಜಾಗದಲ್ಲೇ ಇಟ್ಟು ಬಂದರು.

ವಾಪಸು ಹತ್ತುವಾಗ ಮಂಡಿ ಬಹಳ ಕಾಡಿತು, ಒಂದೂಕಾಲು ಗಂಟೆಯಾಯಿತು. ಮೇಷ್ಟ್ರೇ, ತಮ್ಮ ಪ್ರಶ್ನೆಯನ್ನು ದಾರಿಯಲ್ಲಿ ಕೂತಾಗ ಅವರ ಮುಂದಿಟ್ಟೆ. "ರಸ್ತೆ ಇದ್ದಿದ್ದರೆ ನಾಳೆಯೂ ಬರಬಹುದಿತ್ತು," ಎಂದರು. ಮರುದಿನ ಸಾನ್ ವೀತೊ ಪಟ್ಟಣದ ದಂಡೆಗೆ ಹೋದೆವು. ಅಲ್ಲಿ ಕಾರಿನಿಂದ ಇಳಿದ ಕೂಡಲೇ ಮರಳು. ಅರ್ಧ ಗಂಟೆಯಲ್ಲಿ ಎದ್ದು, ಕೋಣೆಗೆ ಹೋಗೋಣ ಎಂದರು. ಯಾವ ಉತ್ತರವನ್ನು ತಮಗೆ ತಲುಪಿಸಬೇಕೆಂದು ನನಗೆ ತಿಳಿಯಲಿಲ್ಲ, ಆದ್ದರಿಂದ ಎರಡನ್ನೂ ಬರೆದಿದ್ದೇನೆ.

ಹಳೇ ಮೇಷ್ಟ್ರು

ಎರಡನ್ನೂ ಸ್ವೀಕರಿಸಿದ್ದೇನೆ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಆ ಊರುಗೋಲುಗಳು ಮಡಚುವಂಥವೇ, ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ ಎಂಬುದನ್ನು ಬಿಡುವಾದಾಗ ಬರೆಯಿರಿ.